ಕಾಲಿನ ಅಳತೆಯ ಹಲಗೆ

ಚಾಚಾನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು, ತುದಿ ಚಮಚದ ಹಾಗೆ ಅಗಲ. ಐವತ್ತು ವರ್ಷ ಕಟ್ಟಿಗೆಯನ್ನು ಒತ್ತಿ, ಸವರಿ ಅದಕ್ಕೆ ಆ ಆಕಾರ ಬಂದಿತ್ತು. ಹಲಗೆಯ ದಪ್ಪ ನೋಡಬೇಕಾದರೆ ಅವರು ಅಳತೆಪಟ್ಟಿ ಹುಡುಕುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಅಂಚಿನ ಉದ್ದಕ್ಕೂ ಆ ಹೆಬ್ಬೆರಳನ್ನು ಓಡಿಸುತ್ತಿದ್ದರು. "ಕಣ್ಣ ಸುಳ್ಳ ಹೇಳತಾವ ಯವ್ವಾ, ಹೆಬ್ಬಟ್ಟ ಹೇಳಂಗಿಲ್ಲ," ಎನ್ನುವುದು ಅವರ ಮಾತು.

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಟಾಂಗಾ ಕಟ್ಟುವುದು ತಂದೆಯಿಂದ ಬಂದ ಕಸುಬು. ಟಾಂಗಾಗಳು ಕಡಿಮೆಯಾದ ಮೇಲೆ ಬಾಗಿಲು, ಮಂಚ ಅಂತ ಮಾಡಿಕೊಂಡಿದ್ದರು. ಆದರೂ ಓಣಿಗೆಲ್ಲ ಅವರು ಟಾಂಗಾ ಚಾಚಾ. ನನಗೂ ಅಷ್ಟೇ.

ನಾನು ಟಿಕೋಟಾದವಳು. ನಮ್ಮ ಕಡೆ ಮಕ್ಕಳು ಸೈಕಲ್ ಕಲಿತರೆ ಮನೆಯವರು ರೇಸಿನ ಕನಸು ಕಾಣತೊಡಗುತ್ತಾರೆ. ನಾನು ಆ ಕನಸನ್ನು ಸ್ವಲ್ಪ ದೂರ ತುಳಿದೆ. ಒಂದು ಮುಂಜಾನೆ ಅಭ್ಯಾಸ ಮಾಡುವಾಗ ಬಿದ್ದು ಎಡ ಮೊಣಕಾಲು ಕೆಡಿಸಿಕೊಂಡೆ. ಶಸ್ತ್ರಚಿಕಿತ್ಸೆಯಾಯಿತು. ಇನ್ನು ಮೊಣಕಾಲನ್ನು ಹೆಚ್ಚು ಮಡಚುವಂತಿಲ್ಲ, ಸೈಕಲ್ ಸಾಕು ಎಂದರು ಡಾಕ್ಟರು. ಪದಕ ತಪ್ಪಿದ್ದಕ್ಕೆ ನಾನು ಅಳಲಿಲ್ಲ. ನನ್ನ ಕಾಲಿನ ಬಲದಿಂದಲೇ ರಸ್ತೆ ಹಿಂದಕ್ಕೆ ಸರಿಯುವುದು, ಮುಖಕ್ಕೆ ಗಾಳಿ ಬಡಿಯುವುದು ಇನ್ನಿಲ್ಲವಲ್ಲ ಎಂದು ಅತ್ತೆ. ಕುಂಟುತ್ತೇನೆ ಎಂದು ಮಾತ್ರ ಯಾರ ಮುಂದೆಯೂ ಒಪ್ಪಲಿಲ್ಲ. ಸೊಕ್ಕು ಅಂದರೆ ಸೊಕ್ಕು.

ಹೀಗೇ ಎರಡು ವರ್ಷ ಕಳೆದ ಮೇಲೆ ಮೊಬೈಲಿನಲ್ಲಿ ಲಾಂಗ್‌ಬೋರ್ಡ್ ನೋಡಿದ್ದು. ನಾಲ್ಕು ಗಾಲಿಯ ಉದ್ದನೆಯ ಹಲಗೆ. ಮೇಲೆ ನಿಂತು ಒಂದು ಕಾಲಿನಿಂದ ನೆಲ ಒದ್ದರೆ ಸಾಕು, ಆರಾಮವಾಗಿ ಸಾಗುತ್ತದೆ. ಗಾಲಿ ಮತ್ತು ಅಚ್ಚುಗಳನ್ನು ಪುಣೆಯಿಂದ ತರಿಸಿ, ಹಲಗೆಯ ಚಿತ್ರ ಹಿಡಿದುಕೊಂಡು ಚಾಚಾನ ಅಂಗಡಿಗೆ ಹೋದೆ.

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಗಾಡಿ ಏನೋ ಚಲೋ ಐತಿ. ಕುದರಿ ಎಲ್ಲೈತಿ?"

"ಕುದರಿ ನಾನ ರಿ ಚಾಚಾ."

"ಮತ್ತ ಮ್ಯಾಲ ಕುಂಡ್ರಾವ್ರು?"

"ಅದೂ ನಾನ."

ಅವರು ನಗಲಿಲ್ಲ. "ಹಂಗಾರ ಕಠಿಣ ಐತಿ," ಎಂದು ಒಂದು ಗಾಲಿ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದರು. "ಮೆತ್ತಗೈತಿ, ಬೇಷ್. ಗಟ್ಟಿ ಗಾಲಿ ಆದ್ರ ರಸ್ತೇದ ಕಲ್ಲ-ಹಳ್ಳೆಲ್ಲಾ ಮೊಣಕಾಲಿಗೆ ಚಾಡಿ ಹೇಳತಾವ." ನನ್ನ ಮೊಣಕಾಲಿನ ಸುದ್ದಿ ನಾನು ಎತ್ತಿರಲಿಲ್ಲ. ಅಂಗಡಿಯ ಒಂದೇ ಒಂದು ಮೆಟ್ಟಿಲು ಹತ್ತಿದ್ದನ್ನು ಅವರು ನೋಡಿದ್ದರು, ಅಷ್ಟೇ.

ಚಿತ್ರದಲ್ಲಿ ಇದ್ದ ಹಾಗೆಯೇ ಬೇಕು ಎಂದು ಹಟ ಹಿಡಿದೆ. ಸಾಗವಾನಿಯಲ್ಲಿ ಹಾಗೆಯೇ ಮಾಡಿಕೊಟ್ಟರು. ಬಾಲ ಮೇಲಕ್ಕೆ ಎತ್ತಿದ, ಕನ್ನಡಿಯಂತೆ ಹೊಳೆಯುವ ಹಲಗೆ. ಮರುದಿನ ತೊರವಿಯ ರಸ್ತೆಗೆ ಒಯ್ದೆ. ಗಾಲಿಗಳ ಮೇಲೆ ಕುಳಿತ ಹಲಗೆ ನೆಲದಿಂದ ಎತ್ತರ. ಪ್ರತಿ ಸಲ ನೆಲ ಒದೆಯಲು ಬಲಗಾಲು ಇಳಿಸಿದಾಗ ಹಲಗೆಯ ಮೇಲಿನ ಎಡ ಮೊಣಕಾಲು ಮಡಚಲೇಬೇಕು. ಹತ್ತು ಸಲ ಒದೆಯುವುದರೊಳಗೆ ಮೊಣಕಾಲು ಬಾತುಕೊಂಡಿತು. ಎರಡು ದಿನ ಬಿಟ್ಟು ಚಾಚಾನ ಮುಂದೆ ನಿಂತು, ಹಲಗೆ ಭಾಳ ಚಲೋ ಆಗಿದೆ ಎಂದು ಸುಳ್ಳು ಹೇಳಿದೆ.

"ಚಲೋ ಆಗಿದ್ರ ಗಾಲಿಗೆ ಧೂಳ ಯಾಕ ಹತ್ತಿಲ್ಲ?" ಎಂದರು. ಹಲಗೆಯನ್ನು ನನ್ನ ಕೈಯಿಂದ ಇಸಿದುಕೊಂಡು ಗೋಡೆಗೆ ಆನಿಸಿದರು. "ತಪ್ಪ ನಂದೂ ಐತಿ. ನೀ ಚಿತ್ರದ ಅಳತಿ ಕೊಟ್ಟಿ, ಕಾಲಿಂದು ಕೊಡಲಿಲ್ಲ. ನಾ ಕೇಳಲಿಲ್ಲ. ಚಪ್ಪಲಿ ಬಿಡು."

ನೆಲದ ಮೇಲೆ ಕಟ್ಟಿಗೆಯ ಹೊಟ್ಟು ಹರಡಿ ಅದರ ಮೇಲೆ ನನ್ನನ್ನು ನಡೆಸಿದರು. ಆಮೇಲೆ ಅಡ್ಡಡ್ಡ ನಿಲ್ಲಿಸಿದರು, ಹಲಗೆಯ ಮೇಲೆ ನಿಲ್ಲುವ ಹಾಗೆ. ನಾನು ಸರಿದ ಮೇಲೆ ಆ ಹೆಜ್ಜೆಗಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೂ ಬೆರಳಿಟ್ಟು ನೋಡಿದರು. ಪಾದದ ಉದ್ದ ಅಗಲ ನೋಡುತ್ತಿದ್ದಾರೆ ಎಂದುಕೊಂಡೆ.

ಮುಂದಿನ ಹದಿನೈದು ದಿನ ಅವರು ಮಾಡಿದ್ದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಜಾಲಿ ಕಟ್ಟಿಗೆ ಗಾಲಿಗೆ ಸೈ, ಕಾಲಡಿಗೆ ಹೆಣಭಾರ ಎಂದು ದೂರವಿಟ್ಟರು. ಸಾಗವಾನಿಯನ್ನು ತೆಳ್ಳಗೆ ಸೀಳಿ, ನಡುನಡುವೆ ಬಿದಿರಿನ ಪಟ್ಟಿ ಇಟ್ಟು, ಅಂಟು ಹಚ್ಚಿ, ಕಲ್ಲು ಹೇರಿ ಒಣಗಿಸಿದರು. ಅದನ್ನು ಎರಡು ಇಟ್ಟಂಗಿಗಳ ಮೇಲೆ ಅಡ್ಡ ಇಟ್ಟು ನಡುವೆ ನನ್ನನ್ನು ನಿಲ್ಲಿಸಿದರು. "ಹಲಗಿ ಹೂಂ ಅನ್ನಬೇಕು, ಆದ್ರ ಕುಂಡ್ರಬಾರ್ದು," ಎಂದರು. ಮೊದಲನೆಯದು ಕುಳಿತುಬಿಟ್ಟಿತು. ಎರಡನೆಯದು ಸೊಲ್ಲೆತ್ತಲಿಲ್ಲ. ಮೂರನೆಯದು ಮೆಲ್ಲಗೆ ಬಾಗಿ ನನ್ನನ್ನು ಮತ್ತೆ ಮೇಲಕ್ಕೆತ್ತಿತು. ಆ ಕ್ಷಣದ ಹಿತ ನನ್ನ ಅಂಗಾಲಿಗೆ ಇನ್ನೂ ನೆನಪಿದೆ.

ಆಮೇಲೆ ಎರಡೂ ತುದಿಗೆ ಕಿಂಡಿ ಕೊರೆದು, ಅಚ್ಚುಗಳನ್ನು ಅದರೊಳಗೆ ತೂರಿಸಿ, ಹಲಗೆಯನ್ನೇ ನೆಲದ ಹತ್ತಿರಕ್ಕೆ ಇಳಿಸಿದರು. "ಮುದುಕ್ಯಾರು ಹತ್ತೂ ಟಾಂಗಾಕ್ಕ ಕಾಲಿಡೂ ಪಾವಟಗಿ ಕೆಳಗ ಇಳಸ್ತಿದ್ವಿ. ಇದೂ ಹಂಗs." ದೂರದ ದೇಶಗಳಲ್ಲಿ ಇಂಥ ತಗ್ಗು ಹಲಗೆಗಳನ್ನು ಹೀಗೇ ಮಾಡುತ್ತಾರೆಂದು ನನಗೆ ಬಹಳ ದಿನಗಳ ನಂತರ ಗೊತ್ತಾಯಿತು. ಚಾಚಾಗೆ ಅದು ಎಂದೂ ಗೊತ್ತಾಗಲಿಲ್ಲ. ಗೊತ್ತಾಗುವ ಅಗತ್ಯವೂ ಇರಲಿಲ್ಲ.

ತೊರವಿಯ ರಸ್ತೆಯಲ್ಲಿ ಆ ಹಲಗೆ ಗೆರೆ ಎಳೆದ ಹಾಗೆ ನೆಟ್ಟಗೆ ಓಡಿತು. ಮೊಣಕಾಲು ನೋಯಲಿಲ್ಲ, ಗಾಳಿ ಮುಖಕ್ಕೆ ಬಡಿಯಿತು, ಎರಡು ವರ್ಷದ ಅಳು ಒಮ್ಮೆಲೇ ನಗೆಯಾಗಿ ಬಂತು. ಸೀದಾ ಅಂಗಡಿಗೆ ಬಂದು, "ಚಾಚಾ, ಒಂದ ಚೂರೂ ವಾಲಲಿಲ್ಲ ನೋಡ್ರಿ. ನನ್ನ ಕಾಲ ನೆಟ್ಟಗಾಗ್ಯಾವ," ಎಂದೆ.

ಅವರು ನನ್ನ ಮುಖವನ್ನೊಮ್ಮೆ, ಕಾಲನ್ನೊಮ್ಮೆ ನೋಡಿದರು. "ಹೌದ ಬೇ, ನೆಟ್ಟಗs ಅದಾವ," ಎಂದರು. ಹೊರಡುವಾಗ ಮಾತ್ರ, "ಇದರ ಮ್ಯಾಲ ಬ್ಯಾರೆಯವರನ್ನ ನಿಂದ್ರಸಬ್ಯಾಡ," ಎಂದು ಹೇಳಿದರು. ದೃಷ್ಟಿಯಾದೀತೆಂದು ಹೇಳುತ್ತಿದ್ದಾರೆ, ವಯಸ್ಸಾದವರು, ಎಂದು ಒಳಗೊಳಗೇ ನಕ್ಕೆ.

ಆರು ವರ್ಷ ಆ ಹಲಗೆಯ ಮೇಲೆ ತಿರುಗಿದೆ. ಈಗ ಬಬಲೇಶ್ವರದ ಒಂದು ಶಾಲೆಯಲ್ಲಿ ಆಟದ ಟೀಚರು. ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಮಣ್ಣಿಗೆ ಹೆಂಗಸರು ಹೋಗುವುದಿಲ್ಲ. ನಾನು ಅಂಗಡಿಯ ಆ ಮೆಟ್ಟಿಲಿನ ಮೇಲೆ ಕೂತು ಬಂದೆ.

ಅದಾಗಿ ಎರಡು ತಿಂಗಳಿಗೆ, ನಮ್ಮ ಶಾಲೆಯಲ್ಲಿ ಸ್ಕೇಟಿಂಗ್ ಕಲಿಸುವ ಸರ್ ನನ್ನ ಹಲಗೆಯ ಮೇಲೆ ಒಮ್ಮೆ ನಿಂತು ನೋಡುತ್ತೇನೆಂದರು. ಬೇಡ ಎನ್ನಲು ಸಂಕೋಚವಾಯಿತು. ಗಾಲಿಯ ಆಟದಲ್ಲಿ ಪಳಗಿದ ಮನುಷ್ಯ. ಹತ್ತು ಮಾರು ಹೋಗುವುದರೊಳಗೆ ಹಲಗೆ ಬಲಕ್ಕೆ ಎಳೆದು ಅವರನ್ನು ಹುಲ್ಲಿಗೆ ಇಳಿಸಿತು. ಮೂರು ಸಲವೂ ಹಾಗೇ. ಅವರು ಅಚ್ಚು ನೋಡಿದರು, ಗಾಲಿ ನೋಡಿದರು, ಕೊನೆಗೆ ಸ್ಕೇಲ್ ತಂದು ಹಲಗೆಯ ಅಂಚುಗಳಿಗೆ ಹಿಡಿದರು.

"ಮೇಡಂ, ಹಿಮ್ಮಡಿ ಕಡೆ ಅಂಚು ಒಂದು ಅಕ್ಕಿಕಾಳಷ್ಟ ಹೆಚ್ಚಿಗಿ ದಪ್ಪ ಐತ್ರಿ. ನೀವು ಹೆಂಗ ನೆಟ್ಟಗ ಹೋಗ್ತೀರಿ?"

ನಾನು ಮೈದಾನದ ಮಣ್ಣಿನಲ್ಲಿ ಚಪ್ಪಲಿ ಬಿಟ್ಟು ಅಡ್ಡಡ್ಡ ನಿಂತು, ಸರಿದು, ಬಗ್ಗಿ ನೋಡಿದೆ. ಹಿಮ್ಮಡಿ ಆಳವಾಗಿ ಮೂಡಿತ್ತು. ಬೆರಳುಗಳ ಗುರುತು ಇದ್ದೂ ಇಲ್ಲದಂತೆ. ಮೊಣಕಾಲು ಮಡಚಲು ಹೆದರಿ ನಾನು ಇಷ್ಟು ವರ್ಷವೂ ಹಿಮ್ಮಡಿಯ ಮೇಲೆಯೇ ಭಾರ ಹಾಕುತ್ತಿದ್ದೆ. ನನ್ನ ಕಾಲು ಎಂದೂ ನೆಟ್ಟಗಾಗಿರಲಿಲ್ಲ. ಹೊಟ್ಟಿನ ಮೇಲೆ ಚಾಚಾ ಓದಿದ್ದು ಇದನ್ನೇ. ಹಿಮ್ಮಡಿಯ ಭಾರಕ್ಕೆ ಹಲಗೆ ಎಡಕ್ಕೆ ಎಳೆಯದಿರಲೆಂದೇ ಆ ಅಂಚನ್ನು ಅಕ್ಕಿಕಾಳಷ್ಟು ದಪ್ಪ ಬಿಟ್ಟಿದ್ದರು. ನನ್ನ ಕುಂಟನ್ನು ಹಲಗೆಯೊಳಗೆ ಮುಚ್ಚಿ, ನನಗೂ ಹೇಳದೆ ಕೊಟ್ಟಿದ್ದರು.

ಕಣ್ಣು ಮುಚ್ಚಿ ಆ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದೆ. ನನಗೇನೂ ತಿಳಿಯಲಿಲ್ಲ.

"ಆ ಅಂಚಿಗೆ ತೋಪಡಾ ಹೊಡಿಸಿ, ಹೆರಿಸಿ ಸಮಾ ಮಾಡಸೂಣೇನ್ರಿ?" ಎಂದು ಸರ್ ಕೇಳಿದರು.

"ಬ್ಯಾಡ್ರಿ ಸರ್," ಎಂದೆ. "ಅದು ನನ್ನ ಕಾಲಿನ ಅಳತಿ."