ಒಮ್ಮೆಯೇ ಕೇಳಿದ ಪ್ರಶ್ನೆ

ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಕರೋಶಿಯ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ, ಮೈಸೂರು ಕಡೆಯ ಸಂಶೋಧಕರೊಬ್ಬರು ನನ್ನನ್ನು ಸಹಾಯಕ್ಕೆ ಕರೆದರು. ಕುರಿ ಕಾಯುವ ಮನೆತನಗಳು ಊರೂರು ತಿರುಗುತ್ತವಲ್ಲ, ಅವರ ಹೆಣ್ಣುಮಕ್ಕಳಿಗೆ ರಾಯಬಾಗದಲ್ಲಿ ಹಾಸ್ಟೆಲ್ ಮಾಡಬೇಕೋ ಬೇಡವೋ ಎಂದು ತಂದೆತಾಯಿಗಳನ್ನೇ ಕೇಳಿ ವರದಿ ಕೊಡುವ ಕೆಲಸ. ನನಗೆ ಕುಣಿಯುವಷ್ಟು ಖುಷಿ. ಕಬ್ಬು ಕಡಿದ ಮೇಲೆ ಪ್ರತಿ ವರ್ಷ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವ ಸಂಸಾರವೊಂದಿತ್ತು. ಅವರ ಮಗಳು ಅಜ್ಜಿಯ ಮನೆಯಲ್ಲಿದ್ದು ಏಳನೆಯ ತರಗತಿ ಮುಗಿಸಿದ್ದಳು. ಅಜ್ಜಿ ತೀರಿಕೊಂಡಿದ್ದಳು. ಹಾಸ್ಟೆಲ್ ಆದರೆ ಎಂಟನೆಯದು, ಇಲ್ಲದಿದ್ದರೆ ಕುರಿಯ ಹಿಂದೆ. ಜಾಣೆ ಹುಡುಗಿ. ನನ್ನ ಹಳೆಯ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ‘ಅಕ್ಕಾರ, ಬ್ಯಾರೇವು ಅದಾವೇನ್ರಿ?’ ಅನ್ನುತ್ತಿದ್ದಳು.

ಸಂಶೋಧಕರು ಕೆಟ್ಟವರಲ್ಲ. ಆದರೆ ಮೊದಲ ದಿನ ಜೀಪು ಹತ್ತುವಾಗಲೇ, ‘ಇವರು ಹೆಣ್ಣುಮಕ್ಕಳನ್ನು ಓದಿಸೋದಿಲ್ಲ, ನೋಡ್ತಾ ಇರಿ’ ಅಂದಿದ್ದರು. ಐಗಳಿಯ ಹತ್ತಿರ ಒಬ್ಬ ತಂದೆ, ‘ಬೇಕ್ರಿ ಸಾಹೇಬ್ರ, ನಾಳೆನ ಕಳಸ್ತೇನಿ’ ಎಂದ. ನಮ್ಮನ್ನು ಮೆಚ್ಚಿಸಲು ಹೇಳುತ್ತಿದ್ದಾನೆ ಎಂದು ಸಂಶೋಧಕರು ಟಿಪ್ಪಣಿ ಹಾಕಿಕೊಂಡರು. ಬೇಡ ಅಂದವರ ಮಾತಿಗೆ ಅಂಥ ಟಿಪ್ಪಣಿ ಒಂದೂ ಇಲ್ಲ. ಅದೆಲ್ಲ ಸತ್ಯವಂತೆ!

ಕೊನೆಗೆ ನಮ್ಮ ಹೊಲಕ್ಕೇ ಬಂದೆವು. ಆ ಹುಡುಗಿಯ ತಾಯಿ ಕಂಬಳಿ ಹಾಸಿ ಕೂರಿಸಿದಳು. ಹಾಸ್ಟೆಲ್ ಆದರೆ ಮಗಳನ್ನು ಕಳಿಸುತ್ತೀರಾ ಎಂದು ಸಂಶೋಧಕರು ಕೇಳಿದರು. ಆಕೆ ಸೆರಗು ಸರಿಮಾಡಿಕೊಂಡು, ‘ಯಾಕ ಬಿಡ್ರಿ ಸಾಹೇಬ್ರ, ನಿಮಗ್ಯಾಕ ತ್ರಾಸ. ಬ್ಯಾಡ್ರಿ’ ಅಂದಳು.

ಅಯ್ಯೋ, ಅದು ಬೇಡ ಅಂದದ್ದಲ್ಲ! ನಮ್ಮ ಕಡೆ ಚಹಾ ಕೊಟ್ಟರೂ ಮೊದಲ ಸಲಕ್ಕೇ ಹೂಂ ಅನ್ನುವವರು ಅಪರೂಪ. ‘ಒಲ್ಲೇರಿ, ಈಗಷ್ಟ ಆತು’ ಅನ್ನಬೇಕು, ಕೊಡುವವರು ಬಿಡದೆ ಒತ್ತಾಯ ಮಾಡಬೇಕು, ಆಮೇಲೆ ಕೈ ಚಾಚಬೇಕು. ಕೇಳಿದ ಕೂಡಲೇ ಒಪ್ಪಿದರೆ ಆಸೆಬುರುಕರು ಅನ್ನುತ್ತಾರೆ. ‘ಸರ್, ಇನ್ನೊಮ್ಮೆ ಕೇಳಿ’ ಎಂದು ಪಿಸುಗುಟ್ಟಿದೆ. ಅವರು ಕೈ ಎತ್ತಿ ನನ್ನನ್ನು ತಡೆದು ರೆಕಾರ್ಡರ್ ಬಂದ್ ಮಾಡಿದರು.

ಜೀಪಿನಲ್ಲಿ ಜಗಳವೇ ಆಯಿತು. ಎರಡನೆಯ ಸಲ ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ತುರುಕಿದಂತೆ ಎಂದರು. ‘ಆ ಹುಡುಗಿ ನಿಮಗೆ ಬೇಕಾದವಳು. ಅದಕ್ಕೇ ಅವರು ಬೇಡ ಅಂದದ್ದೂ ನಿಮಗೆ ಬೇಕು ಅಂತ ಕೇಳಿಸ್ತಿದೆ’ ಎಂದರು. ಹುಡುಗಿ ನನಗೆ ಬೇಕಾದವಳೇ ಹೌದು. ಹಾಗಂತ ಮೊದಲ ದಿನವೇ ತೀರ್ಪು ಕೊಟ್ಟಿದ್ದ ಇವರ ಕಿವಿ ಮಡಿ, ನನ್ನದು ಮಾತ್ರ ಮೈಲಿಗೆಯೇ?

ಈ ಜನಕ್ಕೆ ಆಸಕ್ತಿ ಇಲ್ಲ ಎಂದು ವರದಿ ಹೋಯಿತು. ಹಾಸ್ಟೆಲ್ ಆಗಲಿಲ್ಲ. ಚಿಕ್ಕೋಡಿ, ರಾಯಬಾಗ ಅಂತ ಕಚೇರಿಗಳಿಗೆ ಅಲೆದೆ. ‘ಅವರಿಗೇ ಬ್ಯಾಡಂದ್ರ ನೀವ್ಯಾಕ ಬಡಕೋತೀರಿ ಅಕ್ಕಾರ?’ ಎಂದು ನಕ್ಕರು. ಏನು ಮಾಡಿದರೂ ಅಷ್ಟೇ ಅನ್ನಿಸಿ, ಬರಬರುತ್ತ ನಾನೂ ಕೈಬಿಟ್ಟೆ.

ಆಮೇಲೆ ನಾಲ್ಕೈದು ವರ್ಷ ಆ ಸಂಸಾರ ನಮ್ಮ ಹೊಲದ ಕಡೆ ಬರಲಿಲ್ಲ. ಈ ವರ್ಷ ಅವರು ಕುರಿ ತಂದಾಗ ಮಗಳು ಜೊತೆಗಿರಲಿಲ್ಲ. ಸದಲಗಾ ಕಡೆ ಕೊಟ್ಟಿದ್ದರು. ಈಗ ಅವಳ ಬಗಲಲ್ಲಿ ಕೂಸಂತೆ. ತಾಯಿಯ ಜೊತೆ ಬದುವಿನ ಮೇಲೆ ಕೂತು, ತಡೆಯಲಾರದೆ ಕೇಳಿದೆ: ‘ಆ ಹಾಸ್ಟೆಲ್ ಆಗಿದ್ರ ಹುಡುಗೀನ್ನ ಕಳಸ್ತಿದ್ರೇನ ಯವ್ವಾ?’

‘ಏನ್ ಕೇಳ್ತೀರಿ ಅಕ್ಕಾರ. ನಿಪ್ಪಾಣಿ ಸಂತ್ಯಾಗಿಂದ ಟ್ರಂಕ ಸೈತ ತಂದಿಟ್ಟಿದ್ವಿ. ಆ ಸಾಹೇಬ್ರು ಹೊಳ್ಳಿ ಇನ್ನೊಮ್ಮೆ ಕೇಳಲೇ ಇಲ್ಲ. ನಮ್ಮಂಥಾವ್ರ ಹುಡುಗಿ ಅವರಿಗೆ ಬ್ಯಾಡಾಗಿರಬೇಕು ಅನಕೊಂಡು ಸುಮ್ಮನಾದ್ವಿ.’