ಶಬಾನಾ ಹೇಳಿಕೊಟ್ಟ ಲೆಕ್ಕ

ಇವತ್ತು ಮಗಳು 3(x+4) ಅನ್ನು ಬಿಡಿಸಿ 3x+4 ಎಂದು ಬರೆದಿದ್ದಳು. ಶಿಡ್ಲಘಟ್ಟದ ಶಾಲೆಯಲ್ಲಿ ನಾನೂ ಹಾಗೇ ಬರೆಯುತ್ತಿದ್ದೆ. ತಿದ್ದಿದ್ದು ಪಕ್ಕದಲ್ಲಿ ಕೂರುತ್ತಿದ್ದ ಶಬಾನಾ. ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರಿಂದ ಅವಳ ಬಟ್ಟೆಯಲ್ಲಿ ಸದಾ ಬೇಯಿಸಿದ ಗೂಡಿನ ವಾಸನೆ.

"ಬ್ರಾಕೆಟ್ಟಲ್ಲಿ ಇರೋ ಇಬ್ಬರಿಗೂ ಮೂರು ಕೊಡ್ಬೇಕು ಕಣೇ. ಒಬ್ಬರಿಗೇ ಕೊಟ್ಟು ಬರಬಾರ್ದು" ಅಂದಿದ್ದಳು.

ಆದರೂ ಪರೀಕ್ಷೆಯಲ್ಲಿ ಗಾಬರಿಯಾಗಿ ಅವಳದನ್ನೇ ನೋಡಿ ಬರೆದೆ. ಮೇಷ್ಟ್ರು ಎರಡೂ ಹಾಳೆ ಹಿಡಿದು, "ನೋಡಿ ಬರೆದಿದ್ದು ನೀನೇ ತಾನೆ?" ಎಂದು ಶಬಾನಾಳನ್ನು ಗದರಿದರು. ಅವಳು ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳನ್ನು ಹೊರಗೆ ನಿಲ್ಲಿಸಿದರು. ಮರುದಿನದಿಂದ ಅವಳು ಬೇರೆ ಬೆಂಚಿನಲ್ಲಿ ಕೂತಳು, ಮತ್ತೆಂದೂ ನನ್ನ ಜೊತೆ ಮಾತಾಡಲಿಲ್ಲ.

ಇವತ್ತು ಮಗಳಿಗೆ ಶಬಾನಾಳ ಮಾತಿನಲ್ಲೇ ಹೇಳಿಕೊಟ್ಟೆ.

"ನಿಂಗೆ ಇದನ್ನ ಯಾರಮ್ಮ ಹೇಳ್ಕೊಟ್ಟಿದ್ದು?"

ಶಬಾನಾಳ ಹೆಸರು ಹೇಳಿದೆ. ಉಳಿದದ್ದನ್ನು ಹೇಳೋಕಾಗಲಿಲ್ಲ.