ಅರಬೈಲ್ ಘಟ್ಟದಲ್ಲಿ ದಮ್ಮು ಕಟ್ಟಿದ ಟ್ರಾಕ್ಟರು

ಬೊಬ್ರುವಾಡದಿಂದ ಹೊರಟಾಗ ಬೆಳಗಿನ ತಂಪು ಇನ್ನೂ ಹೋಗಿರಲಿಲ್ಲ. ಹೊರಟವರು ನಾನು, ನಮ್ಮವರು ಮತ್ತು ನಮ್ಮ ಮದುವೆಗಿಂತ ಹಳೆಯದಾದ ಟ್ರಾಕ್ಟರು. ಹೋಗಬೇಕಾದದ್ದು ಘಟ್ಟದ ಮೇಲೆ, ಯಲ್ಲಾಪುರದ ಹತ್ತಿರವಿರುವ ಮಗಳ ಮನೆಗೆ. ಬಸ್ಸಿಗಾದರೆ ಎರಡು ತಾಸಿನ ದಾರಿ, ನಮಗೆ ಇಡೀ ದಿನದ್ದು.

ಅಳಿಯ ಫೋನಿನಲ್ಲಿ ಮೊದಲೇ ಹೇಳಿದ್ದ: "ಮಾವ, ಘಟ್ಟ ಹತ್ತಿ ಬಂದ್ರೆ ಗದ್ದೆ ಹೂಡೂಕೆ ಇಲ್ಲೇ ಇಟ್ಕೊಳ್ತೆ. ಅರ್ಧಕ್ಕೆ ನಿಂತ್ರೆ ಗುಜರಿಗೆ." ಇವರು ಒಪ್ಪಿದರು. ಆದರೆ ಆ ಬೆಳಿಗ್ಗೆ ದೋಸೆ ಅರ್ಧ ಬಿಟ್ಟೆದ್ದರು.

ಅಗಸೂರಿನಲ್ಲಿ ಬನ್ಸು, ಚಹಾ ಆಯಿತು. ಈ ಟ್ರಾಕ್ಟರು ಇಷ್ಟು ವರ್ಷ ಸಮುದ್ರದ ದಂಡೆಯ ಮೇಲೆ ದೋಣಿ ಎಳೆದದ್ದು. ಎಂಜಿನ್ನಿಗೆ ಮರಳು ಹೋಗಬಾರದೆಂದು ಅದು ಗಾಳಿ ಎಳೆಯುವ ಕೊಳವೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟುವುದು ಇವರ ರೂಢಿ. ಹೋಟೆಲಿನ ನಲ್ಲಿಯಲ್ಲಿ ಆ ಬಟ್ಟೆಯನ್ನು ನೆನೆಸಿ, ಎರಡು ಮಡಿಕೆ ಮಾಡಿ ಮತ್ತೆ ಬಿಗಿದರು.

"ಇಲ್ಲಿ ಮರಳೆಲ್ಲಿದೆ?" ಎಂದೆ.

"ಧೂಳು ಮರಳಿನ ತಮ್ಮ," ಎಂದರು.

ಘಟ್ಟದ ಎರಡನೇ ತಿರುವಿಗೇ ಕರಿಹೊಗೆ. ಮೂರನೆಯದರಲ್ಲಿ ನಡೆದು ಹೋಗುವವರೂ ನಮ್ಮನ್ನು ದಾಟುವ ಹಾಗಾಯಿತು. ಲಾರಿಯವನೊಬ್ಬ ತಲೆ ಹೊರಗೆ ಹಾಕಿ, "ಅಕ್ಕಾ, ಅಜ್ಜನಿಗೆ ದಮ್ಮು ಬಂದದೆ, ನೀವಾದ್ರೂ ಇಳಿದು ನಡೀರಿ," ಎಂದು ಹೋದ.

ಇವರು ಬದಿಗೆ ನಿಲ್ಲಿಸಿದರು. "ಎತ್ತರ ಮಾರಾಯ್ತಿ. ಮೇಲೆ ಹೋದಹಾಗೆ ಗಾಳಿ ತೆಳು. ಎಣ್ಣೆ ಉರಿಯೂಕೆ ಸಾಕಾಗೂದಿಲ್ಲ. ಇದು ಸಮುದ್ರದ ಗಾಳಿ ಕುಡಿದು ಬೆಳೆದದ್ದು."

ಅಳಿಯನಿಗೆ ತಿಳಿಸಲೆಂದು ಫೋನು ತೆಗೆದರು. ಇನ್ನೊಂದು ಕೈ ಬಾನೆಟ್ಟಿನ ಮೇಲೇ ಇತ್ತು.

ನನ್ನ ಮುಖವೆಲ್ಲ ಮಸಿ. ಒರೆಸಲು ಕೈಗೆ ಸಿಕ್ಕಿದ ಒದ್ದೆ ಬಟ್ಟೆ ಕೊಳವೆಯ ಬಾಯಿಯದೊಂದೇ. ಬಿಚ್ಚಿ ಒರೆಸಿಕೊಳ್ಳುತ್ತಿದ್ದೆ. ಆರಿಸದೆ ಬಿಟ್ಟಿದ್ದ ಎಂಜಿನ್ನಿನ ಸದ್ದು, ಕಫ ಕಟ್ಟಿದ ಗಂಟಲು ಬಿಟ್ಟಹಾಗೆ, ತಿಳಿಯಾಯಿತು. ಇವರು ಆಕ್ಸಿಲರೇಟರ್ ಒತ್ತಿ ನೋಡಿದರು. ಕರಿಹೊಗೆ ಇಲ್ಲ.

ಬಟ್ಟೆ ನೋಡಿದರು, ನನ್ನನ್ನು ನೋಡಿದರು. ಫೋನು ಜೇಬಿಗೆ ಹೋಯಿತು.

"ಒರೆಸಿ ಆಯ್ತಾ?"

"ಆಯ್ತು. ಮತ್ತೆ ಕಟ್ಟಲಾ?"

"ಬೇಡ. ನೀನೇ ಇಟ್ಕೋ."

ಎತ್ತರದ್ದೂ ಸ್ವಲ್ಪ ಪಾಲಿತ್ತೆನ್ನಿ. ಇಡಗುಂದಿ ದಾಟಿದ ಮೇಲೂ ದಂಡೆಯ ಮೇಲಿನ ಜೋರು ಬರಲಿಲ್ಲ; ಏರು ಬಂದಾಗೆಲ್ಲ ಒಂದು ಗೇರು ಇಳಿಸಬೇಕಾಯಿತು. ಆದರೂ ಹೊತ್ತು ಮುಳುಗುವ ಮೊದಲು ಮಗಳು ಟ್ರಾಕ್ಟರಿಗೆ ಆರತಿ ಎತ್ತಿದಳು.

"ಮಾವ, ಘಟ್ಟದ ಗಾಳಿ ತಾಗ್ಲಿಲ್ವಾ?" ಅಳಿಯ ಕೇಳಿದ.

"ತೆಳು ಹೌದು," ಇವರು ಗಂಭೀರವಾಗಿ ಹೇಳಿದರು, "ಆದ್ರೆ ಓಡಿಸುವವನಿಗೆ ಗೊತ್ತಿರಬೇಕು." ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ನಕ್ಕೆ.

ಮರುದಿನ ಅದು ಗದ್ದೆಗಿಳಿದದ್ದನ್ನು ನೋಡಿ ಬಸ್ಸು ಹತ್ತಿದೆವು. ಆ ತಿರುವು ಬಂದಾಗ ಇವರು ಕಿಟಕಿಯತ್ತ ವಾಲಿದರು. ನನ್ನ ಚೀಲದಲ್ಲಿ ಮಸಿ ಬಟ್ಟೆ, ಅದರಲ್ಲಿನ್ನೂ ಮೀನಿನ ವಾಸನೆ.

"ಎಸೀಲಾ?" ಎಂದೆ.

"ಬೇಡ, ಒಗೆದಿಡು. ಅಳಿಯ ಬಂದಾಗ ಮಾತ್ರ ಹೊರಗೆ ತೆಗೀಬೇಡ."